ಹಲವು ಊರುಗಳಿಗೆ ಒಂದೇ ದೂರವಾಣಿ

ನಮ್ಮ ಶಾಲೆಯಲ್ಲಿ ಕಲಿತು ಹೊರಟವರಲ್ಲಿ ಕೆಲವರು ಇಂದು ಬೆಂಗಳೂರಿನಲ್ಲಿಯೂ ಕೊಲ್ಲಿ ರಾಷ್ಟ್ರಗಳಲ್ಲಿಯೂ ದೊಡ್ಡ ಸಂಸ್ಥೆಗಳ ದೂರವಾಣಿ ವ್ಯವಸ್ಥೆಯನ್ನು ನೋಡಿಕೊಳ್ಳುವ ಉದ್ಯೋಗದಲ್ಲಿದ್ದಾರೆ. ಮಗನಿಗೆ ಏನು ಕೆಲಸವೆಂದು ವಿಚಾರಿಸಿದರೆ ಹೆತ್ತವರು, “ಅದೇನೋ ಫೋನಿನ ಕಂಪ್ಯೂಟರ್ ಸರಿಮಾಡುವುದಂತೆ ಮಾಸ್ಟ್ರೇ” ಎಂದು ಹೇಳಿ ಸುಮ್ಮನಾಗುತ್ತಾರೆ. ಆ ಕೆಲಸದ ಸ್ವರೂಪವನ್ನು ಅಂಥ ಶಿಷ್ಯನೊಬ್ಬನಿಂದಲೇ ಕೇಳಿ ತಿಳಿದು, ನನಗೆ ಅರ್ಥವಾದಷ್ಟನ್ನು ಇಲ್ಲಿ ನಿರೂಪಿಸುತ್ತಿದ್ದೇನೆ. ಗುರು ಶಿಷ್ಯನಿಂದ ಕಲಿಯುವುದರಲ್ಲಿ ಸಂಕೋಚಪಡಬೇಕಾದುದೇನೂ ಇಲ್ಲ.

ಹಿಂದಿನ ಪದ್ಧತಿಯಲ್ಲಿ ದೂರವಾಣಿಯ ಬುದ್ಧಿಯೆಲ್ಲ ಆಯಾ ಊರಿನ ವಿನಿಮಯ ಕೇಂದ್ರದಲ್ಲಿಯೇ ಇರುತ್ತಿತ್ತು. ಕಾಸರಗೋಡಿಗೆ 04994, ಮಂಗಳೂರಿಗೆ 0824. ಬಂಧುಗಳೆಲ್ಲ ಗಡಿಯಾಚೆ ಇರುವ ನಮಗೆ ತಲಪಾಡಿ ದಾಟಿದರೆ ಎಸ್.ಟಿ.ಡಿ. ದೇಶೀಯವಾಗಿ ನಿರ್ಮಿಸಿದ ಗ್ರಾಮೀಣ ವಿನಿಮಯ ಕೇಂದ್ರವು ಮೊದಲು ಸ್ಥಾಪಿತವಾದುದು 1986ರಲ್ಲಿ, ನಮ್ಮ ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. 1984ರಲ್ಲಿ ಆರಂಭವಾದ ಸಿ-ಡಾಟ್ ಸಂಸ್ಥೆಯು ರೂಪಿಸಿದ ಆ ಯಂತ್ರ 128 ತಂತಿಗಳದ್ದು; ಹವಾನಿಯಂತ್ರಣವಿಲ್ಲದೆ ನಡೆಯುವಂಥದು. ಇಂಥ ಕೇಂದ್ರಗಳಲ್ಲಿ ಕರೆಯನ್ನು ಜೋಡಿಸುವುದೂ ಧ್ವನಿಯನ್ನು ಸಾಗಿಸುವುದೂ ಒಂದೇ ಯಂತ್ರದ ಹೊಣೆ. ಯಂತ್ರ ಕೆಟ್ಟಿತೆಂದರೆ ಮಾತೂ ತುಂಡಾಯಿತು.

ಹೊಸ ಪದ್ಧತಿಯಲ್ಲಿ ಇವೆರಡನ್ನೂ ಬೇರ್ಪಡಿಸಿದ್ದಾರೆ. ಒಂದು ಸಹಕಾರಿ ಬ್ಯಾಂಕಿಗೆ ಮಂಗಳೂರಿನಲ್ಲಿ ಮುಖ್ಯ ಕಛೇರಿ, ಕಾಸರಗೋಡಿನಲ್ಲಿಯೂ ಮಡಿಕೇರಿಯಲ್ಲಿಯೂ ಶಾಖೆಗಳು ಇವೆಯೆಂದು ಭಾವಿಸೋಣ. ಮೂರು ಊರುಗಳ ಫೋನುಗಳೂ ಮಂಗಳೂರಿನಲ್ಲಿರುವ ಸರ್ವರ್ ಎಂಬ ಗಣಕಯಂತ್ರಕ್ಕೆ ಅಧೀನ. ಕಾಸರಗೋಡಿನವರು ಮಡಿಕೇರಿಯ ಒಳಸಂಖ್ಯೆಯನ್ನು ಒತ್ತಿದಾಗ ಸರ್ವರ್ ಇಬ್ಬರ ವಿಳಾಸವನ್ನು ಪರಸ್ಪರ ತಿಳಿಸಿ ಬದಿಗೆ ಸರಿಯುತ್ತದೆ. ಆ ಮೇಲೆ ಧ್ವನಿಯು ಸಣ್ಣ ಸಣ್ಣ ಕಟ್ಟುಗಳಾಗಿ ಒಂದು ಫೋನಿನಿಂದ ಇನ್ನೊಂದಕ್ಕೆ ನೇರವಾಗಿ ಹೋಗುತ್ತದೆ. ಮದುವೆ ಕುದುರಿಸಿದ ಮಧ್ಯಸ್ಥನು ಊರು ಬಿಟ್ಟು ಹೋದರೂ ಸಂಸಾರವು ನಡೆಯುವಂತೆ, ಮಾತಿನ ನಡುವೆ ಸರ್ವರ್ ಕೆಟ್ಟು ನಿಂತರೂ ಆಗ ನಡೆಯುತ್ತಿರುವ ಸಂಭಾಷಣೆ ಸಾಮಾನ್ಯವಾಗಿ ಕಡಿಯುವುದಿಲ್ಲ. ಆದರೆ ಆ ಕರೆಯನ್ನು ಮತ್ತೊಬ್ಬರಿಗೆ ವರ್ಗಾಯಿಸಲು ಬಾರದು.

ಸರ್ವರ್ ಒಂದೇ ಇದ್ದರೆ ಅಪಾಯ. ಆದುದರಿಂದ ಹಲವನ್ನು ಗೊನೆಯಂತೆ ಕೂಡಿಸಿ ಒಂದೇ ಎಂಬಂತೆ ನಡೆಸುತ್ತಾರೆ. ಇದಕ್ಕೇ ಕ್ಲಸ್ಟರ್ ಎಂದು ಹೆಸರು. 1998ರಲ್ಲಿ ಸೆಲ್ಸಿಯಸ್ ಎಂಬ ಸಣ್ಣ ಸಂಸ್ಥೆಯನ್ನು ಕೊಂಡು ಸಿಸ್ಕೋ ಕಂಪೆನಿಯು ಬೆಳೆಸಿದ ವ್ಯವಸ್ಥೆಯನ್ನೇ ನೋಡೋಣ. ಅಲ್ಲಿ ಒಂದು ಸರ್ವರ್ ‘ಪಬ್ಲಿಷರ್’, ಉಳಿದವು ‘ಸಬ್‌ಸ್ಕ್ರೈಬರ್’. ಶಾಲೆಯವರಿಗೆ ತಿಳಿಯುವಂತೆ ಹೇಳುವುದಾದರೆ, ಪಬ್ಲಿಷರ್ ಬಳಿ ಇರುವುದು ಮೂಲ ದಾಖಲಾತಿ ಪುಸ್ತಕ, ಇತರರ ಬಳಿ ಇರುವುದು ಅದರ ನಕಲು. ಮುಖ್ಯೋಪಾಧ್ಯಾಯರು ರಜೆಯಲ್ಲಿದ್ದರೂ ಪಾಠಗಳು ನಡೆಯುತ್ತವೆ, ಹೊಸ ದಾಖಲಾತಿ ಮಾತ್ರ ಆಗದು. ಹಾಗೆಯೇ ಪಬ್ಲಿಷರ್ ನಿಂತುಹೋದರೆ ಕರೆಗಳಿಗೆ ತೊಡಕಿಲ್ಲ, ಆದರೆ ಹೊಸ ಫೋನನ್ನು ಸೇರಿಸುವಂತಿಲ್ಲ. ಇಂಥ ಒಂದು ಗೊನೆಯಲ್ಲಿ ಕರೆ ಜೋಡಿಸುವ ಸರ್ವರುಗಳು ಎಂಟರವರೆಗೆ ಇರಬಹುದು. ಅವುಗಳಲ್ಲಿ ನಾಲ್ಕು ದುಡಿಯುತ್ತಿದ್ದರೆ ನಾಲ್ಕು ಕಾದು ನಿಂತಿರುತ್ತವೆ. ಸರ್ವರುಗಳನ್ನು ಬೇರೆ ಬೇರೆ ಊರುಗಳಲ್ಲಿಯೂ ಇಡಬಹುದು. ಆದರೆ ಅವುಗಳ ನಡುವೆ ಸುದ್ದಿ ಹೋಗಿಬರಲು ಒಂದು ಸೆಕೆಂಡಿನ ಸಾವಿರದಲ್ಲಿ 80 ಭಾಗಕ್ಕಿಂತ ಹೆಚ್ಚು ಕಾಲ ಹಿಡಿಯಬಾರದೆಂಬ ಕಟ್ಟುಪಾಡಿದೆ. ಹೆಚ್ಚಾದರೆ ನಕಲುಗಳು ಮೂಲಕ್ಕೆ ತಾಳೆಯಾಗವು.

ಪ್ರತಿ ಫೋನಿನಲ್ಲಿಯೂ ಒಂದು ಪಟ್ಟಿ ಇರುತ್ತದೆ. ಮೊದಲನೆಯ ಸರ್ವರ್ ಉತ್ತರಿಸದಿದ್ದರೆ ಎರಡನೆಯದು, ಅದೂ ಇಲ್ಲವಾದರೆ ಮೂರನೆಯದು. ಇಷ್ಟನ್ನು ಕೇಳಿದಾಗ ಎಲ್ಲವೂ ಭದ್ರವಾಗಿದೆಯೆಂದು ನನಗೆ ತೋರಿತ್ತು. “ಮಂಗಳೂರಿನ ಎಂಟು ಸರ್ವರುಗಳೂ ಸುಸ್ಥಿತಿಯಲ್ಲಿದ್ದು, ರಸ್ತೆ ಅಗೆಯುವವರು ನಡುದಾರಿಯಲ್ಲಿ ಕೇಬಲನ್ನು ಕಡಿದರೆ ಏನು ಗತಿ ಸಾರ್?” ಎಂದು ಶಿಷ್ಯನು ಕೇಳಿದಾಗ ಉತ್ತರ ಹೊಳೆಯಲಿಲ್ಲ.

ರಾಷ್ಟ್ರೀಯ ಹೆದ್ದಾರಿಯ ಅಗಲೀಕರಣವನ್ನು ಕಂಡ ನಮಗೆ ಈ ಪ್ರಶ್ನೆ ಹೊಸದೇನಲ್ಲ. ಆಗ ಶಾಖೆಯೊಳಗೇ ಇರುವ ರೌಟರ್ ಎಂಬ ಸಣ್ಣ ಪೆಟ್ಟಿಗೆಯು ಯಜಮಾನಿಕೆಯನ್ನು ವಹಿಸಿಕೊಳ್ಳುವಂತೆ ಮೊದಲೇ ಏರ್ಪಡಿಸಿರಬೇಕು. ಸರ್ವರುಗಳನ್ನು ಹುಡುಕಿ ಸೋತ ಫೋನುಗಳು ಅದರ ಬಳಿ ಹೆಸರು ನೋಂದಾಯಿಸಿಕೊಳ್ಳುತ್ತವೆ. ಇದಕ್ಕೆ ಕೆಲವು ನಿಮಿಷಗಳೇ ಬೇಕಾಗಬಹುದು. ಆ ಬಳಿಕ ಶಾಖೆಯ ಒಳಗಿನವರು ಪರಸ್ಪರ ಮಾತನಾಡಬಹುದು. ಸ್ಥಳೀಯ ಕೇಂದ್ರದಿಂದ ಪಡೆದ ಒಂದೆರಡು ತಂತಿಗಳಿದ್ದರೆ ಹೊರಗೂ ಕರೆ ಮಾಡಬಹುದು. ಖರ್ಚು ಉಳಿಸಲು ಆ ತಂತಿಗಳನ್ನು ಕೀಳಿಸಿದ ಶಾಖೆಗೆ ಹೊರಜಗತ್ತಿಲ್ಲ. ವಿದ್ಯುತ್ತಿನ ವಿಷಯವೂ ಇದೇ. ಹಳೆಯ ಫೋನಿಗೆ ವಿನಿಮಯ ಕೇಂದ್ರದಿಂದಲೇ 48 ವೋಲ್ಟಿನ ವಿದ್ಯುತ್ತು ತಂತಿಯಲ್ಲಿ ಬರುತ್ತಿದ್ದುದರಿಂದ ಆಷಾಢದ ಮಳೆಗೆ ಊರೇ ಕತ್ತಲಾದರೂ ಫೋನು ಜೀವಂತವಾಗಿರುತ್ತಿತ್ತು. ಇಂದಿನದು ಕಛೇರಿಯ ವಿದ್ಯುತ್ತನ್ನೇ ನಂಬಿದೆ. ಬ್ಯಾಟರಿ ಇಡದಿದ್ದರೆ ದೀಪದೊಡನೆ ಫೋನೂ ಆರುತ್ತದೆ.

ಇನ್ನು ತುರ್ತು ಕರೆ. ಗಡಿನಾಡಿನವರು ಇದನ್ನು ವಿಶೇಷವಾಗಿ ಗಮನಿಸಬೇಕು. ಕಾಸರಗೋಡು ಶಾಖೆಯಲ್ಲಿ ಒಬ್ಬರು ಎದೆನೋವಿನಿಂದ ಕುಸಿದರೆಂದೂ ಸಹೋದ್ಯೋಗಿ 112 ಒತ್ತಿದರೆಂದೂ ತಿಳಿಯಿರಿ. ಫೋನು ಅಧೀನವಾಗಿರುವುದು ಮಂಗಳೂರಿನ ಸರ್ವರಿಗೆ. ಆ ಸರ್ವರ್ ಕರೆಯನ್ನು ಮಂಗಳೂರಿನ ತಂತಿಯಿಂದಲೇ ಹೊರಬಿಟ್ಟರೆ ಅದು ಕರ್ನಾಟಕದ ನಿಯಂತ್ರಣ ಕೊಠಡಿಯಲ್ಲಿ ಮೊಳಗುತ್ತದೆ, ರೋಗಿಯಿರುವುದು ಕೇರಳದಲ್ಲಿ. ಅತ್ತಣವರಿಗೆ ಕಾಣುವುದು ಮಂಗಳೂರಿನ ಸಂಖ್ಯೆ. ಅವರು ವಿಷಯವನ್ನರಿತು ಗಡಿಯೀಚೆಗೆ ತಿಳಿಸುವಷ್ಟರಲ್ಲಿ ಅಮೂಲ್ಯ ನಿಮಿಷಗಳು ಕಳೆದಿರುತ್ತವೆ. ಆದುದರಿಂದ ಬೇರೆ ಯಾವ ಕರೆ ಯಾವ ದಾರಿಯಲ್ಲಿ ಹೋದರೂ, ತುರ್ತು ಕರೆಯು ಫೋನು ಇರುವ ಊರಿನ ತಂತಿಯಿಂದಲೇ ಹೊರಡುವಂತೆ ಪ್ರತ್ಯೇಕವಾಗಿ ವಿಧಿಸಬೇಕು. ಫೋನನ್ನು ಒಂದು ಶಾಖೆಯಿಂದ ಇನ್ನೊಂದಕ್ಕೆ ಒಯ್ದು ಜೋಡಿಸಿದಾಗ ಈ ವಿಧಿಯನ್ನೂ ಬದಲಾಯಿಸಬೇಕು. ಮರೆವು ಸಂಭವಿಸುವುದು ಬಹುಮಟ್ಟಿಗೆ ಇಲ್ಲಿಯೇ.

ಇದು ಬರಿಯ ಊಹೆಯ ಭಯವಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯದ ಮಾರ್ಷಲ್ ಎಂಬ ಊರಿನಲ್ಲಿ 2013ರ ಡಿಸೆಂಬರಿನಲ್ಲಿ ಕ್ಯಾರಿ ಹಂಟ್ ಎಂಬ ಮಹಿಳೆಯ ಮೇಲೆ ವಸತಿಗೃಹದ ಕೊಠಡಿಯಲ್ಲಿ ಮಾರಣಾಂತಿಕ ಹಲ್ಲೆಯಾಯಿತು. ಒಂಬತ್ತು ವರ್ಷದ ಮಗಳು ಅಲ್ಲಿನ ತುರ್ತು ಸಂಖ್ಯೆಯಾದ 911ನ್ನು ನಾಲ್ಕು ಬಾರಿ ಒತ್ತಿದಳು. ಕರೆ ಹೋಗಲಿಲ್ಲ. ಹೊರಗಿನ ಕರೆಗೆ ಮೊದಲು 9 ಒತ್ತಬೇಕೆಂಬುದು ಆ ವ್ಯವಸ್ಥೆಯ ನಿಯಮವಾಗಿತ್ತು. ಶಾಲೆಯಲ್ಲಿಯೂ ಮನೆಯಲ್ಲಿಯೂ ಹೇಳಿಕೊಟ್ಟುದನ್ನು ಮಗು ಸರಿಯಾಗಿಯೇ ಮಾಡಿತ್ತು. ತಪ್ಪು ಯಂತ್ರಕ್ಕೆ ವಿಧಿಸಿದವರದು. ಆ ತಾಯಿ ಬದುಕಲಿಲ್ಲ. ಆಕೆಯ ತಂದೆಯ ಹೋರಾಟದ ಫಲವಾಗಿ 2018ರಲ್ಲಿ ಅವಳ ಹೆಸರಿನಲ್ಲಿಯೇ ಕಾಯಿದೆಯಾಯಿತು. ಅದು ಜಾರಿಗೆ ಬಂದ 2020ರ ಫೆಬ್ರವರಿಯ ಬಳಿಕ ಅಲ್ಲಿ ಸ್ಥಾಪಿಸುವ ಇಂಥ ವ್ಯವಸ್ಥೆಗಳಲ್ಲಿ ಯಾವ ಪೂರ್ವಸಂಖ್ಯೆಯೂ ಇಲ್ಲದೆ 911 ನೇರವಾಗಿ ಹೋಗಲೇಬೇಕು.

ತಾವು ದುಡಿಯುವ ಕಛೇರಿಯಲ್ಲಿಯೋ ನಡೆಸುವ ಸಂಸ್ಥೆಯಲ್ಲಿಯೋ ಇಂಥ ವ್ಯವಸ್ಥೆ ಇದ್ದರೆ ಪರೀಕ್ಷಿಸುವ ಕ್ರಮವನ್ನು ನನ್ನ ಶಿಷ್ಯನು ಹೀಗೆ ಹೇಳಿದನು. ಕಛೇರಿ ಮುಚ್ಚಿದ ಮೇಲೆ, ಜವಾಬ್ದಾರಿಯುಳ್ಳವರ ಅನುಮತಿ ಪಡೆದು, ಮುಖ್ಯ ಕಛೇರಿಗೆ ಹೋಗುವ ಕೇಬಲನ್ನು ಕಳಚಿ ಐದು ಹತ್ತು ನಿಮಿಷ ಕಾಯಬೇಕು. ಬಳಿಕ ಫೋನನ್ನೆತ್ತಿ ಮೊದಲು ಪಕ್ಕದ ಮೇಜಿಗೆ, ಆ ಮೇಲೆ ತನ್ನದೇ ಮೊಬೈಲಿಗೆ ಕರೆ ಮಾಡಿ, ಅದರಲ್ಲಿ ಯಾವ ಊರಿನ ಸಂಖ್ಯೆ ಮೂಡುವುದೆಂದು ನೋಡಬೇಕು. ಪರೀಕ್ಷೆಗೆಂದು 112ನ್ನು ಒತ್ತಬಾರದು. ಅದರ ದಾರಿ ಯಾವುದೆಂಬುದನ್ನು ವ್ಯವಸ್ಥೆ ನೋಡಿಕೊಳ್ಳುವವರಿಂದ ಬರೆಹದಲ್ಲಿ ಪಡೆದು ಫೋನಿನ ಬಳಿಯೇ ಅಂಟಿಸಿಡಬೇಕು. ಅದರ ಕೆಳಗೆ ಸಮೀಪದ ಆಸ್ಪತ್ರೆಯ ಹಾಗೂ ಪೊಲೀಸ್ ಠಾಣೆಯ ಪೂರ್ಣ ಸಂಖ್ಯೆಗಳೂ ಇರಲಿ.