ಉಳಿದ ಎರಡು ಮಿಲಿಮೀಟರು

2024ರ ಜೂನ್ ತಿಂಗಳ ಒಂದು ಸಂಜೆ ಅಂಬಲಪಾಡಿಯ ಬಳಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬ್ರೇಕ್ ಒತ್ತಿದೆ. ಕಾರು ನಿಲ್ಲದೆ ನೀರಿನ ಮೇಲೆ ಜಾರಿತು. ಹಿಂದಿನ ಸೀಟಿನಲ್ಲಿ ಮೊಮ್ಮಗಳಿದ್ದಳು. ಮುಂದಿನ ಬಸ್ಸಿಗೂ ನಮಗೂ ಉಳಿದದ್ದು ಗೇಣುದ್ದ.

ಟಯರಿನ ಗೀರುಗಳ ಆಳ ಎರಡು ಮಿಲಿಮೀಟರಿಗೆ ಇಳಿದಿತ್ತು. ಕಾರಿಗೆ 1.6 ಮಿ.ಮೀ. ಇದ್ದರೆ ನಿಯಮಕ್ಕೆ ಸಾಕು. ನಿಯಮದ ಅಂಕಿಗಳನ್ನೇ ನೆಚ್ಚಿ ನೌಕರಿ ಮುಗಿಸಿದ ನಾನು, ಅದು ಕನಿಷ್ಠ ಮಿತಿಯೇ ಹೊರತು ಕ್ಷೇಮದ ಭರವಸೆಯಲ್ಲವೆಂಬುದನ್ನು ಮರೆತಿದ್ದೆ. ಹೊಸ ಟಯರಿನಲ್ಲಿ ಈ ಆಳ ಸುಮಾರು 8 ಮಿ.ಮೀ. ನಮ್ಮ ತೋಟದ ತೋಡುಗಳಂತೆ ಮಳೆನೀರನ್ನು ಹೊರಗೊಯ್ಯುವುದೇ ಗೀರುಗಳ ಕೆಲಸ. ಒಣರಸ್ತೆಯಲ್ಲಿ ಕಾಣದ ಸವಕಳಿ ಮಳೆಯಲ್ಲಿ ಬಯಲಾಗುತ್ತದೆ. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಸುರಿಯುವ ಉಡುಪಿಯಲ್ಲಿ, 3 ಮಿ.ಮೀ. ಇರುವಾಗಲೇ ಬದಲಿಸುವುದು ದುಂದಲ್ಲ. ‘ಮಳೆಗಾಲ ಕಳೆಯಲಿ’ ಎಂದು ನಾನು ಉಳಿಸಹೊರಟದ್ದು, ಅರ್ಥಶಾಸ್ತ್ರ ಓದಿದವನ ಲೆಕ್ಕದಲ್ಲೂ, ಟಯರಿಗೆ ಕೆಲವು ನೂರು ರೂಪಾಯಿ ಮಾತ್ರ.

ಮರುದಿನವೇ ನಾಲ್ಕನ್ನೂ ಬದಲಿಸಿದೆ. ಹಳೆಯದೊಂದನ್ನು ಮೊಮ್ಮಗಳು ಉಯ್ಯಾಲೆಗೆಂದು ಇಟ್ಟುಕೊಂಡಿದ್ದಾಳೆ.