ಹಲ್ಲು ನೋಯುವ ಮುಂಚೆಯೇ ಹಲ್ಲಿನ ಡಾಕ್ಟರು

ಮಂಡ್ಯ ಜಿಲ್ಲೆ ಎಂದರೆ ಸಕ್ಕರೆಯ ನಾಡು. 1933ರಲ್ಲಿ ಮೈಷುಗರ್ ಕಾರ್ಖಾನೆ ಬಂದಂದಿನಿಂದ ಆ ಹೆಸರು ಅಂಟಿಕೊಂಡಿದೆ. ಕೆ.ಆರ್. ಪೇಟೆ ತಾಲ್ಲೂಕಿನ ನಮ್ಮ ಮಾಕವಳ್ಳಿಯಲ್ಲೂ ಸಕ್ಕರೆ ಕಾರ್ಖಾನೆ ಇದೆ. ಕಬ್ಬು ಅರೆಯುವ ಕಾಲದಲ್ಲಿ ರಸ್ತೆ ತುಂಬ ಟ್ರ್ಯಾಕ್ಟರು, ಎತ್ತಿನ ಗಾಡಿ. ಅವುಗಳ ಹಿಂದೆ ಜಲ್ಲೆ ಎಳೆದುಕೊಳ್ಳಲು ಓಡುವ ಮಕ್ಕಳು. ಇಷ್ಟು ಸಿಹಿ ಇರುವ ಕಡೆ ಹಲ್ಲಿನ ಬಗ್ಗೆ ಎಷ್ಟು ಎಚ್ಚರವಿರಬೇಕಿತ್ತು! ಆದರೆ ನಮ್ಮಲ್ಲಿ ಹಲ್ಲಿನ ಡಾಕ್ಟರ ನೆನಪಾಗುವುದು ಕೆನ್ನೆ ಊದಿ, ರಾತ್ರಿಯೆಲ್ಲ ನಿದ್ದೆಗೆಟ್ಟ ಮೇಲೆಯೇ. ಅಷ್ಟು ಹೊತ್ತಿಗೆ "ಕಿತ್ತಾಕ್ಬುಡಿ ಸಾಮಿ" ಅನ್ನುವುದೊಂದೇ ದಾರಿ ಉಳಿದಿರುತ್ತದೆ.

ಹುಳುಕು ನೋಯುತ್ತಾ ಶುರುವಾಗುವುದಿಲ್ಲ ನೋಡಿ. ತಿಂದ ಸಿಹಿಯನ್ನು ಬಾಯಿಯಲ್ಲಿರುವ ಸೂಕ್ಷ್ಮಾಣುಗಳು ಆಮ್ಲವಾಗಿ ಮಾಡುತ್ತವೆ. ಆ ಆಮ್ಲ ಹಲ್ಲಿನ ಹೊರಗವಚವನ್ನು ಸ್ವಲ್ಪ ಸ್ವಲ್ಪವಾಗಿ ಸವೆಸುತ್ತದೆ. ಆ ಕವಚದಲ್ಲಿ ನರವಿಲ್ಲ, ಆದ್ದರಿಂದ ನೋವೂ ಇಲ್ಲ. ನೋವು ಬಂತೆಂದರೆ ತೂತು ಒಳಕ್ಕೆ ಇಳಿದಿದೆ ಅಂತಲೇ ಅರ್ಥ. ಲವಂಗ ಕಚ್ಚಿದರೆ ನೋವು ತಗ್ಗುತ್ತದೆ, ನಿಜ. ಆದರೆ ತೂತು ಮುಚ್ಚುವುದಿಲ್ಲ. ಇನ್ನೊಂದು ಮಾತು: ಸಕ್ಕರೆ ಕೆಟ್ಟದ್ದು, ಬೆಲ್ಲ ಒಳ್ಳೆಯದು ಎಂಬ ಭೇದ ಹಲ್ಲಿಗೆ ಗೊತ್ತಿಲ್ಲ. ಎಷ್ಟು ತಿಂದೆವು ಅನ್ನುವುದರ ಜೊತೆಗೆ ಎಷ್ಟು ಸಲ ತಿಂದೆವು ಅನ್ನುವುದೂ ಮುಖ್ಯ. ಊಟದ ಜೊತೆ ಒಂದು ಹೋಳಿಗೆ ತಿಂದು ಮುಗಿಸುವುದಕ್ಕೂ, ದಿನವೆಲ್ಲ ಬೆಲ್ಲದ ಚೂರನ್ನು ದವಡೆಯಲ್ಲಿ ಇಟ್ಟುಕೊಳ್ಳುವುದಕ್ಕೂ ಬಹಳ ವ್ಯತ್ಯಾಸವಿದೆ.

ತಾಯಂದಿರು ಮುಖ್ಯವಾಗಿ ತಿಳಿಯಬೇಕಾದ್ದು ಆರು ವರ್ಷದ ದವಡೆ ಹಲ್ಲಿನ ವಿಚಾರ. ಹಾಲು ಹಲ್ಲು 20. ಮಗುವಿಗೆ ಸುಮಾರು ಆರು ತುಂಬುವಾಗ ಈ ಹಾಲು ಹಲ್ಲುಗಳ ಹಿಂದೆ, ಮೇಲೆ ಎರಡು ಕೆಳಗೆ ಎರಡು, ಒಟ್ಟು ನಾಲ್ಕು ದವಡೆ ಹಲ್ಲು ಹುಟ್ಟುತ್ತವೆ. ಇವು ಹುಟ್ಟಲು ಯಾವ ಹಲ್ಲೂ ಬೀಳಬೇಕಿಲ್ಲ. ಅದಕ್ಕೇ ಯಾರ ಗಮನಕ್ಕೂ ಬರುವುದಿಲ್ಲ. ಮಗು ದವಡೆ ಹಿಡಿದುಕೊಂಡು ಅತ್ತರೆ ಮನೆಯ ಹಿರಿಯರು, "ಬುಡವ್ವ, ಹಾಲಲ್ಲು ತಾನೆ, ಉದ್ರೋಗಿ ಬೇರೆ ಬತ್ತದೆ" ಅಂದುಬಿಡುತ್ತಾರೆ. ಆದರೆ ಅದು ಹಾಲು ಹಲ್ಲಲ್ಲ. ಒಮ್ಮೆ ಹೋದರೆ ಆ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ಮೇಲ್ಭಾಗದಲ್ಲಿ ಆಳದ ಗೀರುಗಳಿರುವುದರಿಂದ ಬೇಗ ಹುಳುಕು ಹಿಡಿಯುವುದೂ ಇದೇ. ನಮ್ಮ ಬೀದಿಯ ಒಬ್ಬ ಹುಡುಗಿಗೆ ಒಂಬತ್ತಕ್ಕೇ ಇಂಥ ಎರಡು ಹಲ್ಲು ತೆಗೆಸಬೇಕಾಯಿತು. ಪಕ್ಕದ ಹಲ್ಲುಗಳು ಖಾಲಿ ಜಾಗಕ್ಕೆ ವಾಲಿಕೊಂಡು ಈಗ ಅಗಿಯುವುದೇ ಒಂದು ಕಡೆಯಿಂದ. ಸಕಾಲಕ್ಕೆ ತೋರಿಸಿದ್ದರೆ ಆ ಗೀರುಗಳಿಗೆ ಲೇಪ ಹಾಕಿ ಮುಚ್ಚಬಹುದಿತ್ತು. ಹಾಲು ಹಲ್ಲಾದರೂ ಅಸಡ್ಡೆ ಬೇಡ. ಮುಂದೆ ಬರುವ ಹಲ್ಲಿಗೆ ಜಾಗ ಕಾಯುವುದು ಅದೇ.

ಪೂರ್ತಿ ತಪಾಸಣೆ ಅಂದರೆ ಬಾಯಿ ತೆರೆಸಿ ಒಂದು ಸಲ ಇಣುಕಿ "ಆಯ್ತು" ಅನ್ನುವುದಲ್ಲ. ಸಣ್ಣ ಕನ್ನಡಿ ಹಿಡಿದು ಒಂದೊಂದೇ ಹಲ್ಲು ನೋಡಬೇಕು. ವಸಡಿಗೂ ಹಲ್ಲಿಗೂ ನಡುವೆ ಗೀಟಿರುವ ಸಣ್ಣ ಕಡ್ಡಿ ಇಳಿಸಿ ಆಳ ಅಳೆಯಬೇಕು. ಮೂರು ಮಿಲಿಮೀಟರಿಗಿಂತ ಹೆಚ್ಚಿದ್ದರೆ ವಸಡು ಬಿಡುತ್ತಿದೆಯೇ ಎಂದು ಪರೀಕ್ಷಿಸಬೇಕು. ಹಲ್ಲುಗಳ ಸಂದಿಯ ಹುಳುಕಿಗೆ ಬೇಕಿದ್ದರೆ ಎಕ್ಸ್‌ರೇ. ನಾಲಿಗೆಯ ಅಡಿ, ಕೆನ್ನೆಯ ಒಳಮೈ, ಕುತ್ತಿಗೆಯ ಗಂಟು ಎಲ್ಲವನ್ನೂ ನೋಡಬೇಕು. ಸಕ್ಕರೆ ಕಾಯಿಲೆ ಇದೆಯೇ, ಬಸುರಿಯೇ, ಯಾವ ಮಾತ್ರೆ ನುಂಗುತ್ತೀರಿ ಅಂತ ಕೇಳಬೇಕು. ಅವರು ಕೇಳದಿದ್ದರೆ ನೀವೇ ಹೇಳಿ, ಸಂಕೋಚ ಬೇಡ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ವಸಡು ಬೇಗ ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆಯ ಹತೋಟಿ ಕಷ್ಟವಾಗುತ್ತದೆ. ಬಸುರಿಯರಿಗೆ ವಸಡಿನಲ್ಲಿ ರಕ್ತ ಬರುವುದುಂಟು. ಆ ಸಮಯದಲ್ಲೂ ಹಲ್ಲಿಗೆ ಚಿಕಿತ್ಸೆ ಮಾಡಿಸಬಹುದು, ನಾಲ್ಕರಿಂದ ಆರನೆಯ ತಿಂಗಳು ಅನುಕೂಲ. ರಕ್ತ ಬಂತೆಂದು ಬ್ರಷ್ಷನ್ನೇ ಬಿಟ್ಟುಬಿಡುವುದು ಮಾತ್ರ ಸಲ್ಲದು.

ಕೆನ್ನೆಯ ಒಳಮೈ ನೋಡಬೇಕು ಅಂದದ್ದಕ್ಕೆ ನಮ್ಮ ಕಡೆ ವಿಶೇಷ ಕಾರಣವಿದೆ. ಊಟವಾದ ಮೇಲೆ ಎಲೆಅಡಿಕೆ ಇಲ್ಲದ ಮನೆ ಎಷ್ಟಿವೆ? ಅತ್ತೆಯಂದಿರ ಸಂಚಿಯಲ್ಲಿ ಕಡ್ಡಿಪುಡಿಯೂ ಇರುತ್ತದೆ. ಕರ್ನಾಟಕದಲ್ಲಿ ಗುಟ್ಕಾವನ್ನು 2013ರಲ್ಲಿ ನಿಷೇಧಿಸಿದರು. ಆದರೆ ಹೊಗೆಸೊಪ್ಪಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಅಡಿಕೆ ಬೆಳೆಗಾರರಿಗೆ ಈ ಮಾತು ಕಹಿಯಾದೀತು, ಏನು ಮಾಡುವುದು? ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಖಾರ ತಾಗಿದರೆ ಉರಿ, ಮೂರು ಬೆರಳು ಉದ್ದಕ್ಕೆ ಹಿಡಿಸದಷ್ಟು ಬಾಯಿ ಬಿಗಿಯುವುದು: ಇವುಗಳಲ್ಲಿ ಒಂದಿದ್ದರೂ ತಡ ಮಾಡದೆ ತೋರಿಸಿ. ಬಾಯಿಯ ಕ್ಯಾನ್ಸರು ಮೊದಮೊದಲು ನೋಯುವುದಿಲ್ಲ, ಅದೇ ಅದರ ಮೋಸ. ಬೇಗ ಸಿಕ್ಕಿದರೆ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು.

ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂದವಾಗುತ್ತದೆ ಅಂತ ಅಂಜುವವರು ಇನ್ನೂ ಇದ್ದಾರೆ. ಕಣ್ಣಿನ ದೃಷ್ಟಿಯ ನರ ಬೇರೆ, ಹಲ್ಲಿನ ನರ ಬೇರೆ. ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತದೆ ಅನ್ನುವುದೂ ಹಾಗೆಯೇ. ಗಟ್ಟಿ ಪಾಚಿ ತೆಗೆದಾಗ ಸಂದಿ ಕಾಣುತ್ತದೆ. ಮೊದಲೇ ಕೆಟ್ಟಿದ್ದು ಆಗ ಬಯಲಾಗುತ್ತದೆ, ಅಷ್ಟೆ. ನಮ್ಮ ಅಜ್ಜಿಯರು ಇದ್ದಿಲು, ಇಟ್ಟಿಗೆ ಪುಡಿಯಲ್ಲಿ ಉಜ್ಜುತ್ತಿದ್ದರು. ಒರಟು ಪುಡಿ ಹಲ್ಲಿನ ಕವಚವನ್ನೇ ಸವೆಸುತ್ತದೆ. ಪಾವಗಡ, ಮುಂಡರಗಿ ಕಡೆಯ ಕೊಳವೆಬಾವಿ ನೀರಿನ ಫ್ಲೋರೈಡಿನಿಂದ ಬರುವ ಕಂದು ಕಲೆಯಂತೂ ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಅದು ಕೊಳೆಯಲ್ಲ.

ಖರ್ಚಿನ ಭಯ ನ್ಯಾಯವಾದದ್ದೇ. ಮೊದಲು ನಿಮ್ಮ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯಲ್ಲಿ ದಂತ ವಿಭಾಗದ ದಿನ, ವೇಳೆ ವಿಚಾರಿಸಿ. ಬೆಂಗಳೂರಿನಲ್ಲಿ 1958ರಿಂದ ಸರ್ಕಾರಿ ದಂತ ಕಾಲೇಜಿದೆ. ನಮಗೆ ಹತ್ತಿರದ ಮೈಸೂರಿನಲ್ಲಿ 1986ರಿಂದ ಜೆ.ಎಸ್.ಎಸ್. ದಂತ ಕಾಲೇಜಿದೆ. ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ನೋಡುತ್ತಾರೆ, ಮೇಲೆ ಗುರುಗಳು ಬಂದು ಮತ್ತೊಮ್ಮೆ ನೋಡುತ್ತಾರೆ. ಹೊತ್ತು ಹಿಡಿಯುತ್ತದೆ, ಒಂದು ದಿನದ ಕೆಲಸ ಬಿಡಬೇಕಾದೀತು. ಮಕ್ಕಳಿಗೆ ಆರು ತಿಂಗಳಿಗೊಮ್ಮೆ, ತೊಂದರೆಯಿಲ್ಲದ ದೊಡ್ಡವರಿಗೆ ವರ್ಷಕ್ಕೊಮ್ಮೆ ಸಾಕು. ಹೋಗುವ ಮುಂಚೆ ನುಂಗುವ ಮಾತ್ರೆಗಳ ಚೀಟಿ ಚೀಲದಲ್ಲಿ ಹಾಕಿಕೊಳ್ಳಿ. ಎಲೆಅಡಿಕೆ ಹಾಕುವ ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ.