ಮಾರಾಟಕ್ಕಿಲ್ಲದ ಹಳ್ಳಿ

ಇಂಗ್ಲೆಂಡಿನ ಜನರಲ್ಲಿ ಬಹುಮಂದಿ ವಾಸಿಸುವುದು ಪಟ್ಟಣಗಳಲ್ಲಿ. ಅವರಲ್ಲಿ ಎಷ್ಟೋ ಮಂದಿಯ ಮನಸ್ಸು ನೆಲಸಿರುವುದು ಮಾತ್ರ ಹಳ್ಳಿಗಳಲ್ಲಿ. ಹಳ್ಳಿಯಲ್ಲೊಂದು ಕಲ್ಲಿನ ಮನೆ, ಮನೆಯ ಮುಂದೆ ಗುಲಾಬಿಯ ಬಳ್ಳಿ, ಹಿತ್ತಿಲಿನಲ್ಲಿ ನಾಲ್ಕು ಮಡಿ ತರಕಾರಿ, ಕಿವಿಗೆ ಬೀಳುವಷ್ಟು ದೂರದಲ್ಲಿ ಚರ್ಚಿನ ಗಂಟೆ—ಅಲ್ಲಿಯ ಮಧ್ಯಮವರ್ಗದ ಸಂಸಾರಗಳು ಕಾಣುವ ಕನಸು ಇದು. ಕನಸು ಕಾಣುವವರು ಹೆಚ್ಚಿದಂತೆ ಮನೆಗಳ ಬೆಲೆಯೂ ಏರುವುದು. ಬೆಲೆ ಏರಿದಂತೆ ಅದೇ ಹಳ್ಳಿಯಲ್ಲಿ ಹುಟ್ಟಿ ಬೆಳೆದವರ ಮಕ್ಕಳು ಬೇರೆ ಕಡೆ ಸೂರು ಹುಡುಕಬೇಕಾಗುವುದು. ಈ ಪೇಚಿನ ನಡುವೆ ತನ್ನದೇ ಆದ ಹಾದಿಯನ್ನು ಹಿಡಿದ ಹಳ್ಳಿಯೊಂದುಂಟು. ಅದರ ಹೆಸರು ಲೇಕಾಕ್.

ವಿಲ್ಟ್‌ಷೈರ್ ಪ್ರಾಂತದ ಚಿಪ್ಪೆನ್‌ಹ್ಯಾಮ್ ಪಟ್ಟಣದಿಂದ ದಕ್ಷಿಣಕ್ಕೆ ಸುಮಾರು 3 ಮೈಲಿ ಹೋದರೆ, ಏವನ್ ನದಿಯ ಬಯಲಿನಲ್ಲಿ ಈ ಹಳ್ಳಿ ಸಿಗುತ್ತದೆ. ಹಳೆಯ ಲೇಕಾಕ್ ಎಂದರೆ ನಾಲ್ಕೇ ಬೀದಿಗಳು. ನಾಲ್ಕೂ ಸೇರಿ ಒಂದು ಚೌಕ. ಮರದ ಚೌಕಟ್ಟಿನ ನಡುವೆ ಗಾರೆ ತುಂಬಿದ ಗೋಡೆಗಳು, ಕಲ್ಲಿನ ಹೆಂಚು, ಕಾಲದ ಭಾರಕ್ಕೆ ಒಂದಿಷ್ಟು ಬಾಗಿದ ತೊಲೆಗಳು. ತಲೆಯ ಮೇಲೆ ತಂತಿಗಳ ಜಾಲವಿಲ್ಲ. ಒಂದು ಬೀದಿಯಲ್ಲಿ 14ನೆಯ ಶತಮಾನದ ಕಣಜವಿದೆ. ರೈತರು ಬೆಳೆಯ ಹತ್ತನೆಯ ಒಂದು ಪಾಲನ್ನು ತಂದು ಒಪ್ಪಿಸುತ್ತಿದ್ದ ಸ್ಥಳವದು. ಅದರ ಪಕ್ಕದಲ್ಲೇ ಹಿಂದೆ ಕುಡುಕರನ್ನು ಕೂಡಿಹಾಕುತ್ತಿದ್ದ ಕಿಟಕಿಯಿಲ್ಲದ ಪುಟ್ಟ ಕಲ್ಲುಕೋಣೆ. ಜಾರ್ಜ್ ಎಂಬ ಹೋಟೆಲಿನ ಒಲೆಯ ಬಳಿ ಮರದ ಚಕ್ರವೊಂದಿದೆ. ಅದರೊಳಗೆ ನಾಯಿಯನ್ನು ಓಡಿಸಿ, ಮಾಂಸ ಸುಡುವ ಸರಳನ್ನು ತಿರುಗಿಸುತ್ತಿದ್ದರಂತೆ!

ಮಠದಿಂದ ಮಹಲಿಗೆ

ಊರಿನ ಚರಿತ್ರೆ ಆರಂಭದಿಂದಲೂ ಹೆಂಗಸರ ಕೈಯಲ್ಲಿ ಹೊರಳಿರುವುದು ಒಂದು ಸೋಜಿಗ. 1229ರಲ್ಲಿ ಸಾಲ್ಸ್‌ಬರಿಯ ಕೌಂಟೆಸ್ ಎಲಾ ಎಂಬಾಕೆ ಇಲ್ಲಿ ಸಂನ್ಯಾಸಿನಿಯರ ಮಠವನ್ನು ಸ್ಥಾಪಿಸಿದಳು. ಮೂರು ಶತಮಾನಗಳ ಕಾಲ ಮಠ ಬಾಳಿತು. ಉಣ್ಣೆಯ ವ್ಯಾಪಾರದಿಂದ ಊರೂ ಬೆಳೆಯಿತು. ಎಂಟನೆಯ ಹೆನ್ರಿ ದೊರೆಯು ದೇಶದ ಮಠಗಳನ್ನೆಲ್ಲ ಮುಚ್ಚಿಸಿದಾಗ, 1539ರಲ್ಲಿ ಇದೂ ಮುಚ್ಚಿತು. ಅದನ್ನು ಕೊಂಡ ವಿಲಿಯಂ ಷಾರಿಂಗ್ಟನ್ ಮಠವನ್ನು ವಾಸದ ಮಹಲಾಗಿ ಮಾರ್ಪಡಿಸಿದನು. ಮುಂದೆ ಅದು ಟಾಲ್ಬಟ್ ಮನೆತನಕ್ಕೆ ಸೇರಿತು.

ಈ ಮನೆತನದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್‌ನಿಗೆ ಚಿತ್ರ ಬರೆಯುವ ಆಸೆ ಬಹಳ, ಕೈವಾಡ ಮಾತ್ರ ಸಾಲದು. 1833ರಲ್ಲಿ ಇಟಲಿಯ ಕೋಮೋ ಸರೋವರದ ದಡದಲ್ಲಿ ಕುಳಿತು ಬರೆಯಲು ಹೋಗಿ ಸೋತನು. ಬೆಳಕೇ ತನ್ನ ಚಿತ್ರವನ್ನು ತಾನೇ ಬರೆದುಕೊಳ್ಳುವಂತಿದ್ದರೆ ಎಂಬ ಯೋಚನೆ ಆಗ ಅವನಿಗೆ ಹೊಳೆಯಿತು. ಊರಿಗೆ ಮರಳಿ, ಕಾಗದಕ್ಕೆ ಉಪ್ಪುನೀರನ್ನೂ ಬೆಳ್ಳಿಯ ಲವಣವನ್ನೂ ಸವರಿ, ಅದನ್ನು ಪುಟ್ಟ ಮರದ ಪೆಟ್ಟಿಗೆಗಳಲ್ಲಿಟ್ಟು ಮಹಲಿನ ಸುತ್ತ ಇರಿಸತೊಡಗಿದನು. ಅವನ ಹೆಂಡತಿ ಆ ಪೆಟ್ಟಿಗೆಗಳನ್ನು ಇಲಿಬೋನುಗಳೆಂದು ಕರೆದಳು. 1835ರ ಆಗಸ್ಟ್ ತಿಂಗಳಿನಲ್ಲಿ ಅಂಥದೊಂದು ಬೋನಿಗೆ ಬಿದ್ದದ್ದು ಮಹಲಿನ ಜಾಲರಿಯ ಕಿಟಕಿ! ಅಂಚೆಚೀಟಿಯಷ್ಟು ಗಾತ್ರದ ಆ ಕಾಗದವೇ ಇಂದು ಉಳಿದಿರುವ ಅತ್ಯಂತ ಹಳೆಯ ಕ್ಯಾಮೆರಾ ನೆಗೆಟಿವ್. ಅದೇ ಕಾಲದಲ್ಲಿ ಫ್ರಾನ್ಸಿನ ಡಾಗೇರ್ ಲೋಹದ ತಗಡಿನ ಮೇಲೆ ಮೂಡಿಸುತ್ತಿದ್ದುದು ಒಂದೇ ಒಂದು ಚಿತ್ರ. ಟಾಲ್ಬಟ್‌ನ ನೆಗೆಟಿವ್‌ನಿಂದ ಬೇಕಾದಷ್ಟು ಪ್ರತಿಗಳನ್ನು ತೆಗೆಯಬಹುದಾಗಿತ್ತು. ಮುಂದೆ ನೂರೈವತ್ತು ವರ್ಷಗಳಿಗೂ ಮಿಕ್ಕಿ, ಮನೆಮನೆಯ ಆಲ್ಬಮ್ಮಿನ ಮದುವೆಯ ಚಿತ್ರಗಳಿಗೂ ಸಚಿತ್ರ ಪತ್ರಿಕೆಗಳ ಪುಟಗಳಿಗೂ ಈ ವಿಧಾನವೇ ತಳಹದಿಯಾಯಿತು.

ಒಂದು ದಾನ

1916ರಲ್ಲಿ ಮಹಲೂ ಹಳ್ಳಿಯೂ ಟಾಲ್ಬಟ್‌ನ ಮೊಮ್ಮಗಳು ಮಟಿಲ್ಡಾ ಅವರ ಪಾಲಿಗೆ ಬಂದವು. ಆಗಿನ ಕಾಲದಲ್ಲಿ ತೆರಿಗೆಯ ಭಾರ ಹೊರಲಾರದೆ ಎಷ್ಟೋ ಜಮೀನುದಾರರು ಆಸ್ತಿಯನ್ನು ತುಂಡುತುಂಡಾಗಿ ಮಾರುತ್ತಿದ್ದರು. ಮಟಿಲ್ಡಾ ಟಾಲ್ಬಟ್ ಮಾರಲಿಲ್ಲ. 1944ರಲ್ಲಿ, ಯುದ್ಧದ ನಡುವೆಯೇ, ಮಹಲನ್ನೂ ಹಳ್ಳಿಯನ್ನೂ ನ್ಯಾಷನಲ್ ಟ್ರಸ್ಟಿಗೆ ದಾನವಾಗಿತ್ತರು. 1895ರಲ್ಲಿ ಹುಟ್ಟಿದ ಈ ಸಂಸ್ಥೆಗೆ, ತನ್ನ ಆಸ್ತಿಯನ್ನು ಎಂದೆಂದಿಗೂ ಪರಭಾರೆ ಮಾಡಲಾಗದುದೆಂದು ಘೋಷಿಸುವ ಅಧಿಕಾರವನ್ನು 1907ರ ಶಾಸನ ಕೊಟ್ಟಿದೆ.

ಆದುದರಿಂದ ಹಳ್ಳಿಯ ಬಹುಪಾಲು ಮನೆಗಳಿಗೆ ಇಂದು ಟ್ರಸ್ಟೇ ಒಡೆಯ, ಒಳಗಿರುವವರು ಬಾಡಿಗೆಯವರು. ವಾರದ ಕೊನೆಗೆ ಮಾತ್ರ ಬಂದುಹೋಗುವ ಹಣವಂತರು ಸಾಲುಮನೆಗಳನ್ನು ಕೊಂಡು ಬೀಗ ಹಾಕಿಡುವಂತಿಲ್ಲ. ಹಾಗೆಂದು ಬಾಡಿಗೆದಾರನಿಗೆ ಎಲ್ಲವೂ ಸುಖವೆಂದು ಹೇಳಲಾಗದು. ಗೋಡೆಯ ಹೊರಮೈಯನ್ನೋ ಕಿಟಕಿಯನ್ನೋ ಮನಬಂದಂತೆ ಬದಲಿಸುವ ಹಾಗಿಲ್ಲ. ಜೀವನವಿಡೀ ಬಾಳಿದ ಮನೆಯನ್ನು ನಮ್ಮದೆಂದು ಮಕ್ಕಳಿಗೆ ಬರೆದುಕೊಡುವ ಹಾಗೂ ಇಲ್ಲ.

ದಿನದ ಬಾಳು

ಹಳ್ಳಿಯ ಶಾಂತಿಗೆ ಪಟ್ಟಣದ ಸಾಮೀಪ್ಯವೇ ಆಸರೆ. ದೊಡ್ಡ ಅಂಗಡಿ, ಬ್ಯಾಂಕು, ಪ್ರೌಢಶಾಲೆ ಎಲ್ಲಕ್ಕೂ ಚಿಪ್ಪೆನ್‌ಹ್ಯಾಮಿಗೇ ಹೋಗಬೇಕು. 1841ರಿಂದ ರೈಲು ಕಂಡ ಆ ಪಟ್ಟಣದಿಂದ ಲಂಡನ್ನಿಗೆ ಹೆಚ್ಚುಕಡಿಮೆ ಒಂದೂಕಾಲು ಗಂಟೆಯ ಪ್ರಯಾಣ. ಲೇಕಾಕಿಗೂ 1905ರಲ್ಲಿ ಪುಟ್ಟ ನಿಲ್ದಾಣವೊಂದು ಬಂದಿತ್ತು. 1966ರಲ್ಲಿ ಅದನ್ನು ಮುಚ್ಚಿದರು. ಈಗ ಬಸ್ಸನ್ನೋ ಸ್ವಂತ ಕಾರನ್ನೋ ನಂಬಬೇಕು. ಕಾರು ನಡೆಸಲಾಗದ ಮುದುಕರಿಗೆ ಮೂರು ಮೈಲಿಯೂ ದೂರವೇ.

ಬೇಸಗೆಯಲ್ಲಿ ರಾತ್ರಿ ಒಂಬತ್ತಾದರೂ ಬೆಳಕು. ಬೀದಿಯ ತುಂಬ ಪ್ರವಾಸಿಗಳು. ದೂರದರ್ಶನ ತಂಡಗಳಿಗೂ ಈ ಬೀದಿಗಳೆಂದರೆ ಅಚ್ಚುಮೆಚ್ಚು. 1995ರಲ್ಲಿ ಪ್ರಸಾರವಾದ ಜೇನ್ ಆಸ್ಟೆನ್ನಳ 'ಪ್ರೈಡ್ ಅಂಡ್ ಪ್ರೆಜುಡಿಸ್' ಧಾರಾವಾಹಿಯಲ್ಲಿ ಮೆರಿಟನ್ ಪಟ್ಟಣವಾಗಿ ನಿಂತದ್ದು ಇದೇ ಹಳ್ಳಿ. ಬಾಗಿಲು ತೆರೆದರೆ ಸಾಕು, ಕ್ಯಾಮೆರಾ ಹಿಡಿದ ಅಪರಿಚಿತರು ಎದುರಿಗೆ! ಛಾಯಾಗ್ರಹಣದ ತವರಿಗೆ ಅದು ತೀರಿಸಲೇಬೇಕಾದ ಋಣವೋ ಏನೋ. ಚಳಿಗಾಲದಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲೆ. ಪ್ರವಾಸಿಗಳು ಹೊರಟುಹೋಗುತ್ತಾರೆ, ಊರು ಊರಿನವರಿಗೆ ಮರಳಿ ಸಿಗುತ್ತದೆ.

ಹಳೆಯ ಗೋಡೆಗಳನ್ನು ಹಣದಿಂದಲೂ ಶಾಸನದಿಂದಲೂ ಉಳಿಸಬಹುದು. ಆ ಗೋಡೆಗಳ ಒಳಗೆ ಒಲೆ ಹೊತ್ತಿಸುವವರು, ಮಕ್ಕಳನ್ನು ಶಾಲೆಗೆ ಕಳುಹಿಸುವವರು, ನೆರೆಯವರ ಕಾಯಿಲೆ ವಿಚಾರಿಸುವವರು ಇದ್ದರೆ ಮಾತ್ರ ಅದು ಹಳ್ಳಿ, ಇಲ್ಲವಾದರೆ ವಸ್ತುಸಂಗ್ರಹಾಲಯ. ಲೇಕಾಕ್ ಇಂದಿಗೂ ಹಳ್ಳಿಯೇ ಆಗಿದೆ. ಹಾಗೆಯೇ ಉಳಿಯುವುದು, ಅಲ್ಲಿಯ ಬಾಡಿಗೆಯನ್ನು ಸಾಧಾರಣ ದುಡಿಮೆಯ ಸಂಸಾರವೊಂದು ತೆರಬಲ್ಲುದೇ ಎಂಬುದನ್ನು ಅವಲಂಬಿಸಿದೆ.